ದೀಪಕ್ಕೊಂದು ಉಂಗುರ

ಬಣ್ಣದ ಮಾಸ್ಟರು ರಜೆ ಹಾಕಿದರು ಎಂದರೆ ಗಿರಣಿಯಲ್ಲಿ ಯಾರೂ ನಂಬಲಿಲ್ಲ. ಮೂವತ್ತೊಂದು ವರ್ಷದಿಂದ ಬಟ್ಟೆಗೆ ಬಣ್ಣ ಹಾಕಿಸುತ್ತಿರುವ ಮನುಷ್ಯ. ಜ್ವರ ಬಂದರೂ ಬರುತ್ತಿದ್ದರು, ಜ್ವರ ಇರುವವರನ್ನೂ ಬೈದು ಕರೆಸುತ್ತಿದ್ದರು. ಅಂಥವರು ಶನಿವಾರ ಮಧ್ಯಾಹ್ನವೇ ಕೈ ತೊಳೆದು, ಹೆಂಡತಿಯನ್ನು ಕರೆದುಕೊಂಡು ಪಟ್ಟಣದ ಬಸ್ಸು ಹತ್ತಿದರು. ಅವರಿಗೇನೂ ಆಸೆಯಿರಲಿಲ್ಲ, ಹೆಂಡತಿ ಹಟ ಹಿಡಿದಿದ್ದಳು. ಅವಳ ತಂಗಿ ಪಟ್ಟಣದ ಬೀದಿದೀಪದ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಏಣಿ ಗಾಡಿಯಲ್ಲಿ ಮೇಲೆ ಹತ್ತಿ ಕಂಬದ ದೀಪ ಬದಲಾಯಿಸುವುದು ಅವಳ ಉದ್ಯೋಗ. ಈ ಸಲದ ಕ್ರಿಸ್‌ಮಸ್ ದೀಪಗಳನ್ನು ದೊಡ್ಡ ಬೀದಿಯ ಉದ್ದಕ್ಕೂ ಕಟ್ಟಿದ್ದು ಅವಳ ತಂಡವೇ. "ಅಕ್ಕ, ಹನ್ನೆರಡು ದಿನ ಗಾಳಿಯಲ್ಲಿ ನೇತಾಡಿ ಕಟ್ಟಿದ್ದೀನಿ. ನೀವು ಬಂದು ನೋಡ್ಲಿಲ್ಲ ಅಂದ್ರೆ ನಾನು ಇನ್ನು ನಿಮ್ಮನೆ ಮೆಟ್ಟಿಲು ತುಳಿಯಲ್ಲ" ಎಂದು ಫೋನಿನಲ್ಲಿ ಗದರಿಸಿದ್ದಳು.

ಮಾಸ್ಟರು ಬಸ್ಸಿನಲ್ಲಿ ಕೂತಿದ್ದರೂ ತಲೆ ಗಿರಣಿಯಲ್ಲೇ ಇತ್ತು. ಇರದೆ ಏನು ಮಾಡೀತು! ಗುರುವಾರ ಅವರು ಮ್ಯಾನೇಜರ ಕೋಣೆಗೆ ಹೋಗಿ, ತೂಕದಮ್ಮನ ಮೇಲೆ ದೂರು ಹೇಳಿ ಬಂದಿದ್ದರು.

ತೂಕದಮ್ಮ ಎಂದರೆ ಬಣ್ಣದ ಪುಡಿ ತೂಗಿಕೊಡುವ ಹೆಂಗಸು. ಹತ್ತೊಂಬತ್ತು ವರ್ಷದಿಂದ ಮಾಸ್ಟರ ಪಕ್ಕದ ಮೇಜು. ಬಿಳಿ ಬಟ್ಟೆ ಎಂದರೆ ಸುಮ್ಮನೆ ಬೆಳ್ಳಗಾಗುವುದಿಲ್ಲ, ಅದಕ್ಕೂ ಒಂದಿಷ್ಟು ನೀಲಿ ಬೇಕು. ಇಲ್ಲದಿದ್ದರೆ ಹಳದಿ ಹೊಡೆಯುತ್ತದೆ. ಮನೆಯಲ್ಲಿ ಅಂಗಿ ಒಗೆದು ನೀಲಿ ಹಾಕುವುದಿಲ್ಲವೇ, ಹಾಗೆ. ಎಷ್ಟು ಗ್ರಾಂ ಎಂದು ಮಾಸ್ಟರು ಹೇಳಬೇಕು, ತೂಕದಮ್ಮ ಅಷ್ಟೇ ತೂಗಬೇಕು. ಈಚೆಗೆ ಅವಳು ಹೇಳಿದ ತೂಕ ಹಾಕುತ್ತಿಲ್ಲವೆಂದು ಮಾಸ್ಟರಿಗೆ ಅನುಮಾನ. ಒಂದು ದಿನ ಕೈಗೇ ಸಿಕ್ಕಿಬಿದ್ದಳು. ಇಪ್ಪತ್ತು ಗ್ರಾಂ ಎಂದರೆ ತಕ್ಕಡಿಯಲ್ಲಿ ಹನ್ನೆರಡು! ಇಡೀ ವಿಭಾಗದ ಮುಂದೆ ಅವಳ ನೀರಿಳಿಸಿದರು. ಅದಾದ ಮೇಲಿನ ಬಟ್ಟೆಯೇ ಯಾವುದೋ ಆಸ್ಪತ್ರೆಯ ಹಾಸಿಗೆ ಬಟ್ಟೆ. ಹೋದಷ್ಟೇ ಬೇಗ ವಾಪಸು ಬಂತು. ನೀಲಿ ಜಾಸ್ತಿಯಾಗಿ ಬಿಳಿಯೇ ಕೆಟ್ಟಿದೆಯಂತೆ. ಸಿಟ್ಟಿಗೆ ಬೇಕೆಂದೇ ಮುಷ್ಟಿಗಟ್ಟಲೆ ಸುರಿದಿದ್ದಾಳೆ ಎಂದುಕೊಂಡ ಮಾಸ್ಟರು ನೆಟ್ಟಗೆ ಮ್ಯಾನೇಜರ ಹತ್ತಿರ ಹೋದರು. ಸೋಮವಾರ ಬೆಳಗ್ಗೆಯಿಂದ ಅವಳು ಪ್ಯಾಕಿಂಗ್ ಶೆಡ್ಡಿನಲ್ಲಿ ಗಂಟು ಕಟ್ಟಬೇಕು ಎಂದು ತೀರ್ಮಾನವಾಯಿತು. ಹತ್ತೊಂಬತ್ತು ವರ್ಷದ ಕೈ! ಆದರೂ ತಪ್ಪು ತಪ್ಪೇ ಎಂದು ಮಾಸ್ಟರು ತಮಗೆ ತಾವೇ ಬಸ್ಸಿನುದ್ದಕ್ಕೂ ಹೇಳಿಕೊಂಡರು.

ಬಸ್ಸಿಳಿಯುವ ಹೊತ್ತಿಗೆ ಕತ್ತಲಾಗಿತ್ತು. ಚಳಿ ಎಂದರೆ ಹಲ್ಲು ಕಟಕಟ ಎನ್ನುವ ಚಳಿ. ನಾದಿನಿ ಕಿವಿಗೆ ಟೋಪಿ ಎಳೆದುಕೊಂಡು ನಿಲ್ದಾಣದಲ್ಲೇ ಕಾಯುತ್ತಿದ್ದಳು.

"ಏನಮ್ಮ ಏಣಿ, ಇನ್ನೂ ಬಿದ್ದಿಲ್ವಾ?" ಎಂದರು ಮಾಸ್ಟರು. ಅವಳನ್ನು ಅವರು ಕರೆಯುವುದೇ ಹಾಗೆ.

"ಬಿದ್ರೆ ನಿಮ್ಮ ಮೇಲೇ ಬೀಳೋಣ ಅಂತ ಕಾಯ್ತಿದ್ದೀನಿ ಭಾವ. ಅಯ್ಯೋ, ಇದೇ ಕೋಟು ಹಾಕ್ಕೊಂಡು ಬಂದ್ರಾ! ಅಕ್ಕಾ, ಇದನ್ನ ಒಗೆಯೋದೇ ಇಲ್ವೇನೇ?"

"ಒಗೆಯೋಕೆ ಬಿಟ್ರೆ ತಾನೆ" ಎಂದಳು ಹೆಂಡತಿ. "ಮಳೆ ಇಲ್ಲ ಬಿಸಿಲಿಲ್ಲ, ವರ್ಷಪೂರ್ತಿ ಇದೇ. ಜೇಬಿನ ತುಂಬ ಗಿರಣಿ ಕಸ."

ಮೂವರೂ ನಗುತ್ತ ದೊಡ್ಡ ಬೀದಿಯ ತಿರುವಿಗೆ ಬಂದರು. ಬಂದವರೇ ಮಾಸ್ಟರು ನಿಂತುಬಿಟ್ಟರು.

ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕಮಾನುಗಳು. ಕಮಾನಿನ ತುಂಬ ದೀಪ. ದೂರದಲ್ಲಿ ಚರ್ಚಿನ ಗೋಪುರದ ಮೇಲೆ ಮನೆಯಷ್ಟು ದೊಡ್ಡ ನಕ್ಷತ್ರ. ಅಂಗಡಿಯ ಗಾಜುಗಳಲ್ಲೆಲ್ಲ ಅದೇ ಬೆಳಕು. ಜನ ಕೊರಳು ಮೇಲೆತ್ತಿಕೊಂಡೇ ನಡೆಯುತ್ತಿದ್ದರು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಗುತ್ತಿದ್ದರು. ಬಣ್ಣದಲ್ಲೇ ಹುಟ್ಟಿ ಬಣ್ಣದಲ್ಲೇ ಬೆಳೆದ ಮಾಸ್ಟರೂ ಅವರಂತೆಯೇ ಕೊರಳೆತ್ತಿ ನೋಡಿದರು. ಎಲ್ಲಕ್ಕಿಂತ ಹೆಚ್ಚಾಗಿ ಅವರ ಮನಸ್ಸು ಸೆಳೆದದ್ದು ಉಂಗುರಗಳು. ಒಂದೊಂದು ದೀಪದ ಸುತ್ತಲೂ ಒಂದೊಂದು ಉಂಗುರ. ಒಳಗೆ ಹಳದಿ, ಹೊರಗೆ ಕೆಂಪು, ತೆಳ್ಳಗೆ ನೂಲೆಳೆದಂತೆ.

"ಭೇಷ್! ದೀಪ ಕಟ್ಟೋದು ಯಾರಿಗಾದ್ರೂ ಬರುತ್ತೆ. ಆ ಉಂಗುರಗಳನ್ನ ಹೇಗೆ ಮಾಡಿದ್ಯೇ?"

"ಯಾವ ಉಂಗುರ?"

"ದೀಪದ ಸುತ್ತ ಇದೆಯಲ್ಲ. ಗಾಜಿನದಾ? ತಂತಿಯದಾ?"

ನಾದಿನಿ ಮೇಲೆ ನೋಡಿದಳು, ಅಕ್ಕನನ್ನು ನೋಡಿದಳು. ಭಾವ ತಮಾಷೆಗೆ ಶುರು ಮಾಡಿದರು ಎಂದುಕೊಂಡಳು. ಇವರ ತಮಾಷೆ ಅವಳಿಗೆ ಹೊಸದಲ್ಲ. ಹಿಂದೊಮ್ಮೆ ಅವಳಿಗೆ ಸೀರೆ ಕೊಡಿಸಿ, ಒಗೆದರೆ ಇದು ಮೂರು ಬಣ್ಣವಾಗುತ್ತದೆ ಎಂದು ನಂಬಿಸಿದ್ದ ಮಹಾನುಭಾವ.

"ಚಿನ್ನದ್ದು ಭಾವ. ಹೋಗ್ವಾಗ ಅಕ್ಕನಿಗೆ ಎರಡು ಬಿಚ್ಚಿ ಕೊಡ್ತೀನಿ" ಎಂದಳು.

ಮಾಸ್ಟರಿಗೆ ಇದು ಅರ್ಥವಾಗಲಿಲ್ಲ. ಹೊಗಳಿದರೆ ಇವಳು ಯಾಕೆ ಹಾರಿಸಿಬಿಡುತ್ತಾಳೆ? ಕೆಲಸದ ಗುಟ್ಟಿರಬೇಕು ಎಂದು ಸುಮ್ಮನಾದರು. ಸುಮ್ಮನಾಗಿದ್ದೂ ಎರಡೇ ನಿಮಿಷ.

"ಅಲ್ವೇ, ಈ ಕಮಾನಿಗೆಲ್ಲ ಕೆನೆ ಬಣ್ಣ ಯಾಕೆ ಹಾಕಿದಿರಿ? ಬಿಳಿ ಹಾಕಿದ್ರೆ ಇನ್ನೂ ಎದ್ದು ಕಾಣ್ತಿತ್ತು."

"ಬಿಳೀನೇ ಅಲ್ವಾ ಹಾಕಿರೋದು!"

"ಇದು ಬಿಳಿಯಾ? ನಿನಗೆ ದೀಪ ಕೊಟ್ಟೋನು ಚೆನ್ನಾಗಿ ಟೋಪಿ ಹಾಕಿದಾನೆ."

ನಾದಿನಿಗೆ ರೇಗಿತು. ಹನ್ನೆರಡು ದಿನ ಬೆರಳು ಮರಗಟ್ಟಿಸಿಕೊಂಡು ಕಟ್ಟಿದವಳು. ಪೆಟ್ಟಿಗೆ ಒಡೆದದ್ದೂ ಅವಳೇ, ಒಂದೊಂದನ್ನೂ ಹಚ್ಚಿ ನೋಡಿದ್ದೂ ಅವಳೇ. ಹಾಲಿನಂಥ ಬಿಳಿ ಎಂದು ಎಣಿಸಿ ಇಟ್ಟದ್ದು. ಬೀದಿಯ ನಡುವೆ ಇಬ್ಬರಿಗೂ ಹತ್ತಿಕೊಂಡಿತು. ಇಂಥ ಜಗಳದಲ್ಲಿ ಮಾಸ್ಟರು ಎಂದೂ ಸೋತವರಲ್ಲ. ಅವರ ಬಲಗಣ್ಣು ಎಂದರೆ ಗಿರಣಿಯಲ್ಲಿ ದೊಡ್ಡ ಹೆಸರು. ಬಟ್ಟೆ ಮುಂದೆ ಬಂದರೆ ಎಡಗಣ್ಣು ಗಟ್ಟಿಯಾಗಿ ಮುಚ್ಚಿ, ಬಲಗಣ್ಣಿಗೆ ಸಣ್ಣ ಭೂತಗನ್ನಡಿ ಹಿಡಿದು, ಮೂರು ಎಣಿಸುವಷ್ಟರಲ್ಲಿ ತೀರ್ಪು. ಊಟದ ಹೊತ್ತಿನಲ್ಲಿ ಕೆಲಸಗಾರರು ಆ ಭಂಗಿಯನ್ನೇ ನಕಲು ಮಾಡಿ ನಗುತ್ತಿದ್ದರು. ಈಗಲೂ ಬೀದಿಯಲ್ಲಿ ನಿಂತು ಎಡಗಣ್ಣು ಮುಚ್ಚಿದರು, ಬಲಗಣ್ಣು ಅಗಲಿಸಿದರು.

"ಕೆನೆ. ಬರೆದುಕೊಡ್ತೀನಿ."

"ಬರೆದೇ ಬಿಡಿ!" ಎಂದಳು ನಾದಿನಿ. "ನಿಮ್ಮ ಗಿರಣೀಲಿ ಚೀಟಿ ಆಟ ಇದೆಯಲ್ಲ. ಇಲ್ಲೂ ಆಡೋಣ."

ಅದು ಆಟವಲ್ಲ, ಗಿರಣಿಯ ಕ್ರಮ. ಬಣ್ಣ ಹಾಕಿದ ಬಟ್ಟೆಯನ್ನು ಇಬ್ಬರು ಬೇರೆ ಬೇರೆಯಾಗಿ ನೋಡಬೇಕು. ಒಬ್ಬರು ಮಾಸ್ಟರು, ಇನ್ನೊಬ್ಬರು ತೂಕದಮ್ಮ. ಮಾತಾಡದೆ ಇಬ್ಬರೂ ಚೀಟಿಯಲ್ಲಿ ಬರೆದು ಮಡಿಸಿಡಬೇಕು, ಆಮೇಲೆ ಒಟ್ಟಿಗೆ ಬಿಚ್ಚಬೇಕು. ಒಬ್ಬರ ಮಾತು ಇನ್ನೊಬ್ಬರ ಕಣ್ಣು ಕೆಡಿಸಬಾರದು ಎಂದು ಹಳಬರು ಮಾಡಿಟ್ಟ ಪದ್ಧತಿ. ಹಾಗೆಂದು ಹೇಳುವುದಷ್ಟೇ. ಈಚಿನ ವರ್ಷಗಳಲ್ಲಿ ಮಾಸ್ಟರು ತಮ್ಮ ಚೀಟಿಯನ್ನು ದೊಡ್ಡದಾಗಿ ಓದಿ, ತೂಕದಮ್ಮನದನ್ನು ಮಡಿಕೆ ಬಿಚ್ಚದೆ ಜೇಬಿಗೆ ತುರುಕಿಕೊಂಡು ಮುಂದಿನ ಬಟ್ಟೆಗೆ ಹೋಗುತ್ತಿದ್ದರು. ಎದುರಾಡುವವರು ಯಾರು?

ಕಾಗದಕ್ಕೆಂದು ಅವರು ಕೋಟಿನ ಜೇಬಿಗೆ ಕೈಹಾಕಿದರು. ಮಡಿಸಿದ ಸಣ್ಣ ಸಣ್ಣ ಚೀಟಿಗಳು ಮುಷ್ಟಿ ತುಂಬ ಬಂದವು. ಮೂರನ್ನು ಹಂಚಿದರು.

"ಇದರ ಒಳಗೆ ಏನೋ ಬರೆದಿದೆಯಲ್ರೀ" ಎಂದಳು ಹೆಂಡತಿ.

"ಗಿರಣೀದು. ಹಿಂದುಗಡೆ ಬರಿ, ಬಿಡು."

ಮೂವರೂ ಬೆನ್ನು ತಿರುಗಿಸಿ ಬರೆದರು. ಬಿಚ್ಚಿದಾಗ ಹೆಂಡತಿಯದು ಬಿಳಿ. ನಾದಿನಿಯದು ಬಿಳಿ, ಕೆಳಗೆ ಎರಡು ಗೆರೆ. ಮಾಸ್ಟರದು ಕೆನೆ.

"ಅಕ್ಕ ತಂಗಿ ಮೊದಲೇ ಮಾತಾಡ್ಕೊಂಡಿದೀರಿ" ಎಂದರು ಮಾಸ್ಟರು.

ಗೋಪುರದ ನಕ್ಷತ್ರಕ್ಕೆ ಮತ್ತೆ ಚೀಟಿಯಾಯಿತು. ಈ ಸಲ ಅಕ್ಕ ತಂಗಿಯರನ್ನು ರಸ್ತೆಯ ಆಚೆಗೊಬ್ಬರು ಈಚೆಗೊಬ್ಬರು ನಿಲ್ಲಿಸಿದರು. ಇಬ್ಬರದೂ ಕಡುನೀಲಿ. ಮಾಸ್ಟರದು "ಮಾಸಲು ನೀಲಿ, ಹಸಿರು ಕಲೆತಿದೆ". ಹೆಂಡತಿ ಎಂದಿನಂತೆ ನಗಲಿಲ್ಲ. ಚೀಟಿಯನ್ನೂ ಗಂಡನನ್ನೂ ಒಂದು ಗಳಿಗೆ ನೋಡಿ, ಎರಡೂ ಆಟದ ಚೀಟಿಗಳನ್ನು ಕೈಚೀಲಕ್ಕೆ ಹಾಕಿಕೊಂಡಳು.

ಮಾಸ್ಟರಿಗೆ ತಲೆ ಕೆಟ್ಟುಹೋಯಿತು. ಒಂದು ಸಲವಾದರೆ ಹಟ, ಎರಡು ಸಲವೂ ಹೇಗೆ ಒಂದೇ ಬರೆಯುತ್ತಾರೆ? ಇವರಿಗೆ ಬಣ್ಣದ ಗಂಧಗಾಳಿ ಇಲ್ಲ, ನಿಜ. ಆದರೆ ಹಸಿರು ಕಾಣದಷ್ಟು ಕುರುಡೇ? ಅಥವಾ ಪಟ್ಟಣದ ಮಂಜು ಬಣ್ಣ ತಿರುಗಿಸುತ್ತದೆಯೋ? ಮಂಜು ತನ್ನೊಬ್ಬನ ಕಣ್ಣ ಮುಂದೆ ಮಾತ್ರ ನಿಲ್ಲುತ್ತದೆಯೇ? ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತಿದ್ದ ಮುದುಕರೊಬ್ಬರನ್ನು ಹಿಡಿದು, "ಸ್ವಾಮಿ, ಈ ದೀಪಗಳ ಸುತ್ತ ಉಂಗುರ ಎಷ್ಟು ಚೆನ್ನಾಗಿದೆ ಅಲ್ವಾ?" ಎಂದು ಕೇಳಿದರು. ಮುದುಕರು ಮೇಲೆ ನೋಡಿ, ಇವರನ್ನು ನೋಡಿ, ಪೊಟ್ಟಣ ಎದೆಗೊತ್ತಿಕೊಂಡು ದೂರ ಸರಿದರು.

ಆಗ ಒಂದು ಗಾಳಿ ಬೀಸಿತು. ಚಳಿಗಾಳಿಗೆ ಬಲಗಣ್ಣಿನಲ್ಲಿ ನೀರು ಬಂತು. ಮಾಸ್ಟರು ಅಂಗೈಯಿಂದ ಕಣ್ಣು ಒತ್ತಿ ಹಿಡಿದು ತಲೆಯೆತ್ತಿದರು.

ಕಮಾನುಗಳೆಲ್ಲ ಬೆಳ್ಳಗಾಗಿಬಿಟ್ಟಿದ್ದವು. ಅಚ್ಚ ಬಿಳಿ. ಉಂಗುರವೇ ಇಲ್ಲ.

"ಏಣಿ! ಬಣ್ಣ ಬದಲಾಯಿಸಿದರೇನೇ?"

"ಇಲ್ಲ ಭಾವ."

ಕೈ ತೆಗೆದರು. ಕೆನೆ, ಉಂಗುರ.

"ಈಗ ಮತ್ತೆ ಬದಲಾಯಿಸಿದರು!"

"ಯಾರು ಭಾವ ಬದಲಾಯಿಸೋರು? ಗುಂಡಿ ಇರೋದು ನಮ್ಮ ಕಚೇರೀಲಿ. ಬೀಗದ ಕೈ ನನ್ನ ಜೇಬಲ್ಲಿದೆ."

ಮಾಸ್ಟರು ಬಲಗಣ್ಣು ಮುಚ್ಚಿದರು: ಬಿಳಿ. ಎಡಗಣ್ಣು ಮುಚ್ಚಿದರು: ಕೆನೆ. ಬಲ, ಎಡ, ಮತ್ತೆ ಬಲ. ಸೈನಿಕರ ಕವಾಯತಿನಂತೆ ಕಣ್ಣು ಹೊಡೆಯುತ್ತ ನಿಂತರು. ಎದುರಿಗೆ ಬರುತ್ತಿದ್ದ ಹೆಂಗಸೊಬ್ಬಳು ಗಕ್ಕನೆ ನಿಂತಳು.

"ಏನ್ರೀ ಅದು, ಈ ವಯಸ್ಸಲ್ಲಿ! ಪಕ್ಕದಲ್ಲಿ ಹೆಂಡತಿನ ನಿಲ್ಲಿಸ್ಕೊಂಡು!"

"ಅಯ್ಯೋ ತಾಯಿ, ನಾನು ದೀಪಕ್ಕೆ ಹೊಡೀತಿರೋದು..." ಎಂದರು ಮಾಸ್ಟರು ತಬ್ಬಿಬ್ಬಾಗಿ.

ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೆಂಡತಿ ನಗಲಿಲ್ಲ. ಹತ್ತಿರ ಬಂದು ಗಂಡನ ತೋಳು ಹಿಡಿದಳು.

"ಯಾವ ಕಣ್ಣಲ್ಲಿ ಉಂಗುರ ಕಾಣ್ತಿದೆ?"

"ಬಲಗಣ್ಣಲ್ಲಿ."

"ಉಂಗುರ ಇಲ್ಲ ಕಣ್ರೀ ಅಲ್ಲಿ. ನಮಗ್ಯಾರಿಗೂ ಕಾಣ್ತಿಲ್ಲ. ಮೂರು ತಿಂಗಳಿಂದ ನೋಡ್ತಾನೇ ಇದೀನಿ. ಕಾಫಿ ಲೋಟ ಮೇಜಿನ ತುದಿಗಿಂತ ಆಚೆ ಇಡ್ತೀರಿ. ನನ್ನ ಹಸಿರು ಸೀರೆನ ಕಂದು ಅಂತೀರಿ. ಹೇಳಿದ್ರೆ ಮೈಮೇಲೆ ಬೀಳ್ತೀರಿ ಅಂತ ಬಾಯಿ ಮುಚ್ಕೊಂಡಿದ್ದೆ. ಈ ಕಣ್ಣಿಗೆ ಪೊರೆ ಬಂದಿದೆ."

ಪೊರೆ ಎಂಬ ಮಾತು ಮಾಸ್ಟರನ್ನು ಅಷ್ಟು ಹೆದರಿಸಲಿಲ್ಲ. ಪೊರೆ ಯಾರಿಗೆ ಬರುವುದಿಲ್ಲ, ಡಾಕ್ಟರು ತೆಗೆಯುತ್ತಾರೆ. ಹೆದರಿಸಿದ್ದು ಬೇರೆಯದು. ಬಿಳಿ ಇವರ ಕಣ್ಣಿಗೆ ಕೆನೆಯಾಗಿ ಕಂಡರೆ, ಗಿರಣಿಯ ಬಿಳಿಯೂ ಕೆನೆಯಾಗಿಯೇ ಕಂಡಿರಬೇಕು. ಕೆನೆ ಕಂಡಾಗ ಇವರು ಏನು ಮಾಡುತ್ತಿದ್ದರು? ಇನ್ನಷ್ಟು ನೀಲಿ ಹಾಕಿ ಎನ್ನುತ್ತಿದ್ದರು. ಹನ್ನೆರಡು ಸಾಲದು, ಹದಿನೈದು ಹಾಕಿ. ಹದಿನೈದು ಸಾಲದು, ಇಪ್ಪತ್ತು ಹಾಕಿ. ಹಾಗಿದ್ದರೆ ಇಷ್ಟು ತಿಂಗಳ ಬಟ್ಟೆಯೆಲ್ಲ ನೀಲಿಯಾಗಿ ವಾಪಸು ಬರಬೇಕಿತ್ತಲ್ಲ! ಬಂದದ್ದು ಒಂದೇ. ಇದೇನು ಲೆಕ್ಕ? ಮಾಸ್ಟರು ಟೀ ಅಂಗಡಿಯ ಮುಂದಿನ ಬೆಂಚಿನ ಮೇಲೆ ಹೋಗಿ ಕೂತರು.

ನಾದಿನಿ ಟೀ ತಂದಳು. ಮಾಸ್ಟರು ಕುಡಿಯಲಿಲ್ಲ. ಫೋನು ತೆಗೆದು, ತೂಕದಮ್ಮನ ಹೆಸರು ಹುಡುಕಿ, ಒತ್ತಲೋ ಬಿಡಲೋ ಎಂದು ಬೆರಳು ಮೇಲೆತ್ತಿಕೊಂಡೇ ಕೂತರು. ಏನೆಂದು ಕೇಳುವುದು? ಗುರುವಾರ ದೂರು ಕೊಟ್ಟ ಬಾಯಿಂದ ಶನಿವಾರ ಏನು ಮಾತಾಡುವುದು? ಕೊನೆಗೆ ಒತ್ತಿದರು.

"ಹಲೋ?"

"ನಾನು... ಮಾಸ್ಟರು."

ಆಚೆ ಟಿವಿ ಸದ್ದು ನಿಂತಿತು. "ಹೇಳಿ ಮಾಸ್ಟರೇ."

"ಆ ಆಸ್ಪತ್ರೆ ಬಟ್ಟೆಗೆ ಎಷ್ಟು ಹಾಕಿದ್ರಿ? ಬೈಯೋಕೆ ಕೇಳ್ತಿಲ್ಲ. ನಿಜ ಹೇಳಿ."

"ಇಪ್ಪತ್ತು. ನೀವು ಹೇಳಿದಷ್ಟೇ. ಒಂದು ಕಾಳು ಹೆಚ್ಚಿಲ್ಲ, ಕಮ್ಮಿ ಇಲ್ಲ."

"ಅದಕ್ಕೆ ಮುಂಚಿನದಕ್ಕೆಲ್ಲ?"

ಆಚೆ ಬಾಗಿಲು ಮುಚ್ಚಿದ ಸದ್ದಾಯಿತು.

"ಅದಕ್ಕೆಲ್ಲ ಹನ್ನೆರಡು" ಎಂದಳು ಆಮೇಲೆ. "ಆರೇಳು ತಿಂಗಳಾಯ್ತು. ನೀವು ಹದಿನೈದು ಅಂದ್ರೂ ಹನ್ನೆರಡು, ಇಪ್ಪತ್ತು ಅಂದ್ರೂ ಹನ್ನೆರಡು. ನೀವು ಮ್ಯಾನೇಜರ ಹತ್ರ ಹೇಳಿದ್ದು ಸುಳ್ಳಲ್ಲ ಮಾಸ್ಟರೇ. ನಿಮ್ಮ ತೂಕ ನಾನು ಹಾಕ್ತಿರಲಿಲ್ಲ. ಅವತ್ತು ಎಲ್ಲರೆದುರು ಬೈದ್ರಲ್ಲ, ಅವತ್ತಿಂದ ಹಾಕಿದೆ. ಅದು ವಾಪಸ್ ಬಂತು."

ಮಾಸ್ಟರು ಕಕ್ಕಾಬಿಕ್ಕಿಯಾದರು. ಅವರು ಹಿಡಿದ ಕಳ್ಳತನ ನಿಜವೇ. ಆ ಕಳ್ಳತನ ಇದ್ದದ್ದರಿಂದಲೇ ಇಷ್ಟು ತಿಂಗಳು ಅವರ ಹೆಸರು ಉಳಿದಿತ್ತು. ಸಿಟ್ಟು ಮಾಡಬೇಕೋ, ಕೈ ಮುಗಿಯಬೇಕೋ?

"ಒಂದು ಮಾತು ಹೇಳಬಾರದಿತ್ತಾ?"

"ದಿನಾ ಹೇಳಿದೀನಿ. ನಮ್ಮ ಕ್ರಮ ಏನು, ಬಾಯಲ್ಲಿ ಹೇಳಬಾರದು, ಚೀಟೀಲಿ ಬರೀಬೇಕು. ಬರೆದೆ. ನೀವು ಬಿಚ್ಚಲಿಲ್ಲ."

ಮಾಸ್ಟರ ಕೈ ತಾನಾಗಿ ಜೇಬಿಗೆ ಹೋಯಿತು. ಮುಷ್ಟಿ ಚೀಟಿಗಳು ಬೆರಳಿಗೆ ತಾಕಿದವು.

"ನಾಳೆನೇ ಮ್ಯಾನೇಜರ ಮನೆಗೆ ಹೋಗ್ತೀನಿ" ಎಂದರು. "ತಪ್ಪು ನಂದು ಅಂತ ಹೇಳ್ತೀನಿ. ಸೋಮವಾರ ನೀವು ನಿಮ್ಮ ಮೇಜಿಗೇ ಬನ್ನಿ. ಇನ್ನು ಮೇಲೆ ಎರಡು ಚೀಟಿ ಬೇಡ. ನಿಮ್ಮದೊಂದೇ ಸಾಕು."

"ಎರಡೂ ಇರಲಿ ಮಾಸ್ಟರೇ" ಎಂದಳು ತೂಕದಮ್ಮ. "ನನ್ನದನ್ನೂ ಓದಿ, ಅಷ್ಟೇ."

ಫೋನು ಇಟ್ಟ ಮೇಲೆ ಅವರು ಜೇಬನ್ನು ಬೆಂಚಿನ ಮೇಲೆ ಬರಿದು ಮಾಡಿದರು. ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಒಂದೊಂದೇ ಬಿಚ್ಚಿ ಓದಿದರು. ತೂಕದಮ್ಮನ ಗುಂಡು ಅಕ್ಷರ. "ನೀವು ಹೇಳಿದ ನೀಲಿ ಜಾಸ್ತಿ." "ಈ ಬಿಳಿ ಸರಿಯಿದೆ, ಇನ್ನು ಹಾಕುವುದು ಬೇಡ." "ಇಪ್ಪತ್ತು ಜಾಸ್ತಿ." ಓದಿದ್ದನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಜೋಡಿಸಿದರು. ನಾದಿನಿಯೂ ನಗು ನಿಲ್ಲಿಸಿ ಪಕ್ಕದಲ್ಲಿ ಕೂತಳು.

ಆಗ ಹೆಂಡತಿ ಕೈಚೀಲ ತೆರೆದು, ಮೊದಲ ಆಟದಲ್ಲಿ ಮಾಸ್ಟರು ಬರೆದ ಚೀಟಿಯನ್ನು ಹೊರಗೆ ತೆಗೆದಳು. ಈಚೆ ಬದಿಯಲ್ಲಿ ಅವರದೇ ದಪ್ಪ ಕೈಬರಹದಲ್ಲಿ ಕೆನೆ ಎಂದಿತ್ತು. ತಿರುಗಿಸಿ ದೀಪಕ್ಕೆ ಹಿಡಿದಳು. ಮೂಲೆಯಲ್ಲಿ ತಾರೀಖಿತ್ತು, ಐದು ತಿಂಗಳ ಹಿಂದಿನದು. ಅವಳು ಮೆಲ್ಲಗೆ ಓದಿದಳು.

"ಮಾಸ್ಟರೇ, ಬೇಜಾರು ಮಾಡಿಕೊಳ್ಳಬೇಡಿ. ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಬಲಗಣ್ಣು ಒಂದು ಸಲ ಡಾಕ್ಟರಿಗೆ ತೋರಿಸಿ."

ಮಾಸ್ಟರು ಕೈಚಾಚಿ ಚೀಟಿ ಇಸಿದುಕೊಂಡರು. ಓದಲು ಹೋದರೆ ಈಗ ಎಡಗಣ್ಣಿಗೂ ಏನೂ ಕಾಣುತ್ತಿರಲಿಲ್ಲ.